ತಿರುವಿನಲ್ಲಿ ಉಳಿದ ಕಲ್ಲುಗಳು

ಮೇಲಿನ ತಿರುವಿನಲ್ಲಿ ಕೆಟ್ಟು ನಿಂತಿದ್ದ ಲಾರಿಯನ್ನು ತಾನೇ ರಿಪೇರಿ ಮಾಡಿಕೊಂಡು ಬಂದ ಚಾಲಕ ಹೋಟೆಲ್ಲಿನ ನಲ್ಲಿಯಡಿ ಕೈಯ ಗ್ರೀಸು ಉಜ್ಜುತ್ತಿದ್ದ. ಅದೇ ದಾರಿಯಲ್ಲಿ ಬಂದ ಅವನ ಮಗಳು ಲಾರಿ ಕಂಡು ಸ್ಕೂಟರ್ ನಿಲ್ಲಿಸಿದಳು. ಅವಳ ಮೊಣಕೈ ತರಚಿ ರಕ್ತ ಒಸರುತ್ತಿತ್ತು.

“ಮೇಲಿನ ತಿರುವಲ್ಲಿ ಬಿದ್ದೆ ಅಪ್ಪಾ. ಗಾಡಿ ಕೆಟ್ಟಾಗ ಯಾವನೋ ರಸ್ತೆ ಮೇಲೆ ಕಲ್ಲು ಇಟ್ಟಿದಾನೆ, ಹೋಗೋವಾಗ ತೆಗೆದೇ ಇಲ್ಲ. ತನ್ನ ಗಾಡಿ ಉಳಿದ್ರೆ ಸಾಕು, ಹಿಂದೆ ಬರೋರು ಏನಾದ್ರೂ ಆಗ್ಲಿ!”

ಅವನು ತಟ್ಟನೆ ತಲೆಯೆತ್ತಿದ. “ಕಲ್ಲು ಇನ್ನೂ ಅಲ್ಲೇ ಇದೆಯಾ?”

“ಎಲ್ಲಾ ಎತ್ತಿ ಪಕ್ಕಕ್ಕೆ ಹಾಕಿ ಬಂದೆ. ಇನ್ನೊಬ್ಬರು ಬೀಳಬಾರದಲ್ವಾ? ಸ್ವಲ್ಪ ಸರಿಯಪ್ಪಾ, ಕೈ ತೊಳೀಬೇಕು.”

ಅವಳು ನಲ್ಲಿಗೆ ಕೈಯೊಡ್ಡಿದಳು. ಕಲ್ಲಿನಿಂದ ಅಂಟಿದ ಗ್ರೀಸು ಅಂಗೈ ತುಂಬ ಇತ್ತು. ನೀರು ಸುರಿಯುತ್ತಿದ್ದರೂ ಉಜ್ಜುವುದನ್ನು ಮರೆತು ಅವಳು ಅಪ್ಪನ ಕೈಗಳನ್ನೇ ನೋಡತೊಡಗಿದಳು.