ಯಾರ ಕೈಕೆಲಸ

ಇಂಜಿನ್ ಬಿಸಿಯಾದದ್ದೇ ತಡ, ಕಾರಿನ ಪಿಕಪ್ ಮತ್ತೆ ಬಿದ್ದುಹೋಯಿತು. ಗುರಲಿಂಗಪ್ಪ ಅದನ್ನು ಸೊಲ್ಲಾಪುರ ರಸ್ತೆಯ ತನ್ನ ಗ್ಯಾರೇಜಿಗೆ ತಂದು ನಿಲ್ಲಿಸಿ, ಕೈಗೆ ಸಿಕ್ಕ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದ. ಮೂರು ದಿನದಲ್ಲಿ, ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಎರಡು ಸಲ ಬಿಚ್ಚಿ ಕೂಡಿಸಿದ್ದ!

ಇಂಜಿನ್ ಆರಿಸದೆಯೇ ಬಾನೆಟ್ ಎತ್ತಿ, ಟರ್ಬೊ ಕಡೆಗೆ ಹೋಗುವ ಕರಿಯ ವ್ಯಾಕ್ಯೂಮ್ ಪೈಪನ್ನು ಮುಟ್ಟಿದ. ತಣ್ಣಗಿದ್ದಾಗ ನೆಟ್ಟಗಿದ್ದದ್ದು ಈಗ ಕಾವಿಗೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಚಪ್ಪಟೆಯಾಗಿತ್ತು. ಕಿತ್ತು ಬೆಳಕಿಗೆ ಹಿಡಿದ. ಅದು ಕಾರಿನ ಪೈಪೇ ಅಲ್ಲ. ದ್ರಾಕ್ಷಿ ತೋಟಕ್ಕೆ ನೀರು ಬಿಡುವ ಡ್ರಿಪ್ ಪೈಪು.

“ಯಾವ ಅಡ್ನಾಡಿ ಹಾಕ್ಯಾನ್ರಿ ಇದನ್ನ? ಇಂಥವ್ರ ಕೈಯಾಗ ಗಾಡಿ ಕೊಡಬಾರ್ದ್ರಿ!” ಎಂದು ರೇಗಿದ.

ಕಾರಿನ ಒಡತಿ, ತಿಕೋಟಾದ ಸಂಘಮಿತ್ರಾ, ಸ್ಟೂಲಿನಿಂದ ಎದ್ದು ಬಂದು ಪೈಪು ನೋಡಿದಳು.

“ಹೋದ ದೀಪಾವಳ್ಯಾಗ ಅರಕೇರಿ ಹತ್ರ ಗಾಡಿ ನಿಂತಾಗ ನಿಮ್ಮನ್ನs ಕರ್ಸಿದ್ದೆ, ನೆನಪೈತೇನ್ರಿ ಅಣ್ಣಾರ? ಡಿಕ್ಕಿಯೊಳಗಿನ ನಮ್ಮ ತ್ವಾಟದ ಪೈಪು ಕತ್ತರಿಸಿ ಹಾಕಿ, ‘ಸದ್ಯಕ್ಕ ನಡೀತೈತಿ, ಆಮ್ಯಾಲ ಬದಲಿಸ್ತೇನಿ’ ಅಂದಿದ್ರಿ.”

ಗುರಲಿಂಗಪ್ಪ, ಒಗೆದ ಪಾನಾ ಹುಡುಕಲೆಂದು ಬಗ್ಗಿ, ಕಾರಿನಡಿ ತಲೆ ತೂರಿಸಿದ. ಪಾನಾ ಅವನ ಕಾಲ ಬಳಿಯೇ ಬಿದ್ದಿತ್ತು.