ಹೀಲಿಯಂ ಹಾರ್ಬರ್, ವಿಸ್ತೃತ ಆವೃತ್ತಿ

ವನಿತಾ ಸಿ.ಡಿ. ಡಬ್ಬಿಯನ್ನು ತರಕಾರಿ ಚೀಲದ ತಳದಲ್ಲಿಟ್ಟು ಮೇಲೆ ಹಳೇ ಟವೆಲ್ ಹರಡಿದಳು. ಬಾಗಿಲ ಸಂದಿಯಿಂದ ಶಿವರಾಮ ಅದನ್ನು ನೋಡಿಬಿಟ್ಟ.

ನೀಲಿ ಡಬ್ಬಿ. ಹೀಲಿಯಂ ಹಾರ್ಬರ್. ಮೊನ್ನೆ ಮೊನ್ನೆ ತಂದದ್ದು.

ಕೂಗಬೇಕೆನ್ನಿಸಿತು. ಕೂಗಲಿಲ್ಲ. ತಾನೇ ತಪ್ಪು ತಿಳಿದಿದ್ದರೆ? ಮೂವತ್ತು ವರ್ಷ ಸಂಸಾರ ಮಾಡಿದವಳನ್ನು ಕಳ್ಳಿ ಎನ್ನಲು ಪುರಾವೆ ಬೇಕು. ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದಾಗಲೂ ಸಾಮಾನನ್ನು ಎರಡು ಸಲ ನೋಡದೆ ಸಹಿ ಹಾಕಿದವನಲ್ಲ ಅವನು.

ಇಂಗ್ಲಿಷ್ ವೈಜ್ಞಾನಿಕ ಸಿನಿಮಾಗಳ ಹಿನ್ನೆಲೆ ಸಂಗೀತ ಅವನ ಹುಚ್ಚು. ಸಂಜೆ ಕಾಲೇಜು ತಪ್ಪಿಸಿ ನೋಡಿದ ಸಿನಿಮಾಗಳು ಅವು. ಆಗ ಸಿಗುತ್ತಿದ್ದ ಕ್ಯಾಸೆಟ್ಟಿನಲ್ಲಿ ನಲವತ್ತು ನಿಮಿಷದ ಸಂಗೀತವಷ್ಟೇ ಇರುತ್ತಿತ್ತು. ಉಳಿದದ್ದು ಯಾವುದೋ ಸ್ಟುಡಿಯೊದ ಕಪಾಟಿನಲ್ಲಿ. ಈಗ ಯಾರೋ ಪುಣ್ಯಾತ್ಮರು ಆ ಟೇಪುಗಳನ್ನು ಹುಡುಕಿ, ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಹೊಸದಾಗಿ ತರುತ್ತಾರೆ. ಎರಡೇ ಸಾವಿರ ಪ್ರತಿ. ಮುಗಿದರೆ ಮುಗಿಯಿತು. ಹೀಲಿಯಂ ಹಾರ್ಬರ್‌ನಲ್ಲಿ ನೌಕೆ ಶನಿಗ್ರಹದ ಉಂಗುರ ದಾಟುವಾಗ ಬರುವ ಒಂಬತ್ತು ನಿಮಿಷಗಳಿಗಾಗಿ ಅವನು ಮೂವತ್ತೆಂಟು ವರ್ಷ ಕಾದಿದ್ದ. ಅದೀಗ ಸೊಪ್ಪಿನ ಚೀಲದಲ್ಲಿ.

ಮೊದಲೆಲ್ಲ ವನಿತಾ ಜಗಳಕ್ಕೆ ನಿಲ್ಲುತ್ತಿದ್ದಳು. "ಮನೇಲಿ ಇದೆಯಲ್ರೀ, ಮತ್ತೆ ಯಾಕೆ ಅದನ್ನೇ ತರ್ತೀರಾ?"

"ಅದೇ ಅಲ್ಲ ಕಣೇ. ಇದ್ರಲ್ಲಿ ಹದಿನಾಲ್ಕು ಟ್ರ್ಯಾಕ್ ಜಾಸ್ತಿ."

ಮಗ ಪುನೀತ್ ನಗುತ್ತಿದ್ದ. "ಬಿಡಮ್ಮ. ಬೋನಸ್ ಟ್ರ್ಯಾಕ್ ಹಾಕ್ಕೊಟ್ರೆ ಅಪ್ಪ ನಿನ್ನೂ ಇನ್ನೊಂದ್ಸಲ ಮದ್ವೆ ಆಗ್ತಾರೆ."

ಈಚೆಗೆ ಅವಳು ಜಗಳವನ್ನೇ ಬಿಟ್ಟಿದ್ದಳು. ಪುನೀತನೂ ತಮಾಷೆ ಮಾಡುತ್ತಿರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಇವನು ಹೋದರೆ ನಿಲ್ಲಿಸುತ್ತಿದ್ದರು. ದೀಪಾವಳಿ ಕಳೆದ ಮೇಲೆ ಗೇಟಿನ ಬೀಗದ ಕೈ ಅವಳ ಸೊಂಟ ಸೇರಿತ್ತು. ಶನಿವಾರ ಯಶವಂತಪುರದ ಅಂಗಡಿಗೆ ಹೊರಟರೆ, "ಮಾರ್ಕೆಟ್ಟಲ್ಲಿ ನಂಗೂ ಕೆಲ್ಸ ಇದೆ" ಎಂದು ಜೊತೆಗೇ ಬರುತ್ತಿದ್ದಳು. ಒಟ್ಟಿನಲ್ಲಿ ಕಾವಲು. ಯಾಕೆಂದು ಇವತ್ತು ತಿಳಿಯಿತು. ಒಂದೊಂದಾಗಿ ಮಾರಿ ಮುಗಿಸುವ ಹುನ್ನಾರ.

"ರೀ, ಬೇಗ ಬಂದ್ಬಿಡ್ತೀನಿ. ಏನಾದ್ರೂ ಬೇಕಿದ್ರೆ ಪಕ್ಕದ್ಮನೆ ಬೈರಮ್ಮನ್ನ ಕೂಗಿ" ಎಂದು ವನಿತಾ ಹೊರಟಳು. ಗೇಟಿಗೆ ಬೀಗ ಬಿತ್ತು.

ಶಿವರಾಮ ಚಪ್ಪಲಿ ಮೆಟ್ಟಿ ಹಿತ್ತಲಿನ ಮೋಟುಗೋಡೆ ದಾಟಿದ. ಮಂಡಿ ತರಚಿತು.

ಶೆಟ್ಟಿಹಳ್ಳಿ ಸ್ಟಾಪಿನಲ್ಲಿ ಅವಳು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದಳು. ಅವನು ಹಿಂದಿನ ಬಾಗಿಲಲ್ಲಿ. ಅವಳದು ಹಸಿರು ಸೀರೆ. ಅದೊಂದನ್ನೇ ನೋಡುತ್ತ ಕೂತ.

"ಎಲ್ಲಿಗೆ ಯಜಮಾನ್ರೇ?" ಕಂಡಕ್ಟರ್ ಕೇಳಿದ.

ಶಿವರಾಮ ಮುಂದಕ್ಕೆ ಬೆರಳು ತೋರಿಸಿದ. "ಆ ಹಸಿರು ಸೀರೆಯವ್ರು ಎಲ್ಲಿಗೋ ಅಲ್ಲಿಗೆ."

"ಸರಿಹೋಯ್ತು. ಈ ವಯಸ್ಸಲ್ಲಿ ಹೆಂಗಸ್ರ ಹಿಂದೆ ಬಿದ್ದಿದೀರಾ?"

"ಹೆಂಡ್ತಿ ಕಣ್ರೀ ಅವ್ಳು."

"ಹೆಂಡ್ತಿ ಹಿಂದೆ ಯಾರಾದ್ರೂ ಟಿಕೆಟ್ ತೊಗೊಂಡು ಹೋಗ್ತಾರಾ ಗುರುವೇ!" ಕಂಡಕ್ಟರ್ ನಗುತ್ತ ಯಶವಂತಪುರಕ್ಕೆ ಚೀಟಿ ಹರಿದ.

ಶಿವರಾಮ ನಗಲಿಲ್ಲ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ನನ್ನದನ್ನ ಮಾರೋಕೆ ನೀನ್ಯಾರು? ನನ್ನದನ್ನ ಮಾರೋಕೆ ನೀನ್ಯಾರು?

ಯಶವಂತಪುರದಲ್ಲಿ ಅವಳು ಮಾರುಕಟ್ಟೆಯ ಈರುಳ್ಳಿ ಲಾರಿಗಳನ್ನು ಬಳಸಿಕೊಂಡು ನಡೆದಳು. ನಿಂತದ್ದು ಪಿಳ್ಳಣ್ಣನ ಅಂಗಡಿಯ ಮುಂದೆ. ಒಂದು ಕಾಲಕ್ಕೆ ಬರೀ ಕ್ಯಾಸೆಟ್ಟಿನ ಅಂಗಡಿ. ಈಗ ಮೊಬೈಲ್ ಕವರು, ರೀಚಾರ್ಜು. ಹಳೇ ಗಿರಾಕಿಗಳು ನಾಲ್ಕೈದು ಜನರಿಗೆ ಮಾತ್ರ ಪಿಳ್ಳಣ್ಣ ಇನ್ನೂ ಹೊರದೇಶದಿಂದ ಸಿ.ಡಿ. ತರಿಸುತ್ತಿದ್ದ. ಆ ನಾಲ್ಕೈದು ಜನರಲ್ಲಿ ಶಿವರಾಮ ಮೊದಲನೆಯವನು.

ಇವನೂ ಸೇರಿಕೊಂಡಿದ್ದಾನೆ!

ಶಿವರಾಮ ಇಕ್ಕಟ್ಟು ರಸ್ತೆಯ ಈಚೆ ಮೂಟೆಗಳ ಮರೆಯಲ್ಲಿ ನಿಂತ. ವನಿತಾ ನೀಲಿ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. ಪಿಳ್ಳಣ್ಣ ಏನನ್ನೂ ಕೇಳಲಿಲ್ಲ. ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸಿದ, ತೆಳು ಪ್ಲಾಸ್ಟಿಕ್ ಸುತ್ತಿದ, ಬಿಸಿಗಾಳಿ ಹಿಡಿದ. ಪ್ಲಾಸ್ಟಿಕ್ಕು ಬಿಗಿದು ಅಂಟಿಕೊಂಡಿತು. ಯಾರೂ ತೆರೆಯದ ಹೊಸ ಮಾಲು. ಅಭ್ಯಾಸವಾದ ಕೈ.

"ಎಷ್ಟು ದಿನ ಅಂತ ಹಿಂಗೆ, ಅಕ್ಕಾ?"

"ನಡ್ಯೋಷ್ಟು ದಿನ ನಡೀಲಿ ಪಿಳ್ಳಣ್ಣ. ಒಂದ್ಸಲ ನಿಜ ಹೇಳ್ದೆ. ಅವರ ಮುಖ ನೋಡೋಕಾಗ್ಲಿಲ್ಲ."

ಇನ್ನೇನು ಪುರಾವೆ ಬೇಕು? ಶಿವರಾಮನ ಕಿವಿ ಕಾದವು. ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಹಮಾಲಿಯೊಬ್ಬ "ಪಕ್ಕಕ್ಕೆ, ಪಕ್ಕಕ್ಕೆ!" ಎಂದು ಅರಚಿದ. ಅದು ದಾಟುವವರೆಗೆ ಕಾದು ರಸ್ತೆಗಿಳಿದ. ಅಂಗಡಿಯ ಮೆಟ್ಟಿಲು ಹತ್ತಿದ.

ವನಿತಾ ಬೆಚ್ಚಿ ತಿರುಗಿದಳು. "ಅಯ್ಯೋ, ಹೇಗ್ರೀ ಬಂದ್ರಿ? ಒಬ್ರೇನಾ?"

ಅವನು ಬಾಯಿ ತೆರೆದ. ಅವಳನ್ನು ನೋಡಿದ, ಪಿಳ್ಳಣ್ಣನನ್ನು ನೋಡಿದ, ಕೌಂಟರನ್ನು ನೋಡಿದ. ಟ್ಯೂಬ್‌ಲೈಟಿನ ಬೆಳಕಿಗೆ ಪ್ಲಾಸ್ಟಿಕ್ಕು ಮಿನುಗುತ್ತಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಕೊನೆಗೂ ತರಿಸ್ದಾ ಪಿಳ್ಳಣ್ಣ! ಒಂದು ಫೋನ್ ಮಾಡ್ಬಾರ್ದಿತ್ತಾ ಮಾರಾಯ? ಮೂವತ್ತೆಂಟು ವರ್ಷ ಆಯ್ತು ಕಣೋ ಇದಕ್ಕೆ ಕಾದು."

ವನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಿಳ್ಳಣ್ಣ ಅವಳ ಮುಖ ನೋಡಿದ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

"ಈಗ್ತಾನೇ ಪಾರ್ಸೆಲ್ ಒಡೆದೆ ಸಾರ್" ಎಂದ ಪಿಳ್ಳಣ್ಣ, ಮತ್ತು ಅದೇ ಡಬ್ಬಿಯನ್ನು ಶಿವರಾಮನಿಗೆ ಇಪ್ಪತ್ತಮೂರನೆಯ ಸಲ ಮಾರಿದ.