ಸೊಟ್ಟ ಸ್ಪ್ಯಾನರ್

"ಹೊಸ ಟೀಮಲ್ಲಿ ಯಾರ್ಯಾರಿದಾರೆ, ಕವರ್ ನೋಡಿ ಹೇಳು ಮಗಾ," ಎಂದು ಸಿದ್ಧಾರ್ಥ ತಾನು ಬರೆದ ಕಾಮಿಕ್ಸನ್ನು ಕುರುಬರಹಳ್ಳಿಯ ಗ್ಯಾರೇಜಿನಲ್ಲಿದ್ದ ಸೀನನ ಮುಂದೆ ಹಿಡಿದ. ಮುಖವಿಲ್ಲದ ನಾಲ್ಕು ಕಪ್ಪು ಆಕೃತಿಗಳು. ಈ ಸೂಪರ್‌ಹೀರೋಗಳನ್ನು ಸ್ಕೂಲಿನಲ್ಲಿ ಇಬ್ಬರೂ ಸೇರಿಯೇ ಹುಟ್ಟಿಸಿದ್ದರು.

ಮೂವರನ್ನು ಸೀನ ಸಲೀಸಾಗಿ ಗುರುತಿಸಿದ. ನಾಲ್ಕನೆಯವನ ಕೈಯಲ್ಲಿ ಸೊಟ್ಟ ಸ್ಪ್ಯಾನರ್ ಇತ್ತು. "ಇವನು ನನ್ನ ಮೆಕ್ಯಾನಿಕ್ ಮಗಾ."

"ಅವನನ್ನ ತೆಗೆದ್ಬಿಟ್ಟೆ ಕಣೋ. ಇವನು ಇಂಜಿನಿಯರ್. ಗ್ರೀಸ್ ಮೆತ್ಕೊಂಡಿರೋ ಹೀರೋನ ಯಾರು ಓದ್ತಾರೆ?"

"ಸ್ಪ್ಯಾನರ್ ಯಾರ್ದು?"

"ಯಾವ್ದೋ ಒಂದು. ಸುಮ್ನೆ ಬರೆದೆ."

ಸೀನ ಗೋಡೆಯ ಮೊಳೆಯಿಂದ ಸ್ಪ್ಯಾನರ್ ತೆಗೆದ. ಜ್ಯಾಕ್ ಜಾರಿ ಅಪ್ಪನ ಮೇಲೆ ಲಾರಿ ಕುಸಿದಾಗ ಬಗ್ಗಿದ್ದು ಅದು. ಸೀನ ಸ್ಕೂಲು ಬಿಟ್ಟದ್ದೂ ಆಗಲೇ. ಅದನ್ನು ಕವರ್ ಮೇಲೆ ಕುಕ್ಕಿದ. ಅದೇ ಸೊಟ್ಟು.

"ಸ್ಪ್ಯಾನರ್ ಬೇಕು, ಹಿಡಿದಿದ್ದ ಕೈ ಬೇಡ. ಅಲ್ವಾ ಸಾರ್?"